ಕ್ಷಿಪಣಿಗೆಂದು ಜಡಿದ ಬೀಗ

ಮಾಲೂರು ತಾಲ್ಲೂಕಿನ ಲಕ್ಕೂರಿನಿಂದ ಪೂರ್ವಕ್ಕೆ ಹೊರಟರೆ ಕೋಲಾರದ ಚಿನ್ನದ ಗಣಿ ಪ್ರದೇಶ ಸಿಗುತ್ತದೆ, ಪಶ್ಚಿಮಕ್ಕೆ ಹೊರಟರೆ ಬೆಂಗಳೂರು. ಗಣಿಗಳ ಊರಿನಲ್ಲಿರುವುದು ಬೆಮೆಲ್ ಸಂಸ್ಥೆಯ ದೊಡ್ಡ ಕಾರ್ಖಾನೆ. 1964ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುವುದು ಮಣ್ಣು ತಳ್ಳುವ ಬುಲ್ಡೋಜರು, ನೆಲ ಅಗೆಯುವ ಯಂತ್ರ. ಆದರೆ 1986ರಲ್ಲಿ ಅದು ಆಗಿನ ಜೆಕೊಸ್ಲೊವಾಕಿಯಾದೊಡನೆ ಒಪ್ಪಂದ ಮಾಡಿಕೊಂಡು ಟಾಟ್ರಾ ಎಂಬ ಭಾರಿ ಲಾರಿಗಳನ್ನೂ ಸೈನ್ಯಕ್ಕೆ ಒದಗಿಸತೊಡಗಿತು. ಗುಂಡಿ ಬಿದ್ದ ಹಾದಿಯಲ್ಲೂ ಮರಳುಗಾಡಿನಲ್ಲೂ ಎಡವದೆ ಸಾಗುವ ಈ ಲಾರಿ ಸೇತುವೆಯ ತುಂಡುಗಳನ್ನು ಹೊರುತ್ತದೆ, ಫಿರಂಗಿಯನ್ನು ಎಳೆಯುತ್ತದೆ. ಅದೇ ಲಾರಿ ಬೆನ್ನಿನ ಮೇಲೆ ಪೃಥ್ವಿ ಕ್ಷಿಪಣಿಯನ್ನೂ ಹೊತ್ತು ನಿಲ್ಲುತ್ತದೆ.

ಹಾಗಾದರೆ ಅದು ಲಾರಿಯೋ, ಕ್ಷಿಪಣಿಯ ಅಂಗವೋ? ಪ್ರಶ್ನೆ ಹುಡುಗಾಟದ್ದೆಂದು ತೋರಬಹುದು. ಆದರೆ ಕ್ಷಿಪಣಿಗಳನ್ನು ತಡೆಯಲೆಂದು ಬಲಿಷ್ಠ ರಾಷ್ಟ್ರಗಳು ಮಾಡಿಕೊಂಡ ಪಟ್ಟಿಯಲ್ಲಿ, ಕ್ಷಿಪಣಿ ಸಾಗಿಸಲೆಂದು ರೂಪಿಸಿದ ಅಥವಾ ಮಾರ್ಪಡಿಸಿದ ವಾಹನಗಳಿಗೂ ಒಂದು ಜಾಗವಿದೆ. ಒಂದೇ ವಸ್ತುವಿಗೆ ಎರಡು ಬಗೆಯ ಬಳಕೆ ಇರುವುದೇ ಈ ನಿಯಂತ್ರಣಗಳ ಕಗ್ಗಂಟು. ಆ ಗಂಟಿಗೆ ಸಿಕ್ಕಿ ಅತಿ ಹೆಚ್ಚು ನಲುಗಿದ್ದು ಮಾತ್ರ ಲಾರಿಯಲ್ಲ, ಪಶ್ಚಿಮ ದಿಕ್ಕಿನ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋದ ಒಂದು ಎಂಜಿನ್ನು.

ಮೊದಲು ಹೀಗಿರಲಿಲ್ಲ. 1960ರ ದಶಕ ಬಾಗಿಲು ತೆರೆದಿದ್ದ ಕಾಲ. 1963ರಲ್ಲಿ ಕೇರಳದ ತುಂಬಾದಿಂದ ಮೇಲೇರಿದ ಮೊದಲ ರಾಕೆಟ್ಟು ಅಮೆರಿಕ ಕೊಟ್ಟದ್ದು. 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಒಟ್ಟುಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಸುಳಿವನ್ನು ಹಿಡಿದರು. ಮುಂಬಯಿಯ ಟ್ರಾಂಬೆಯಲ್ಲಿ ಕೆನಡಾ ಕೊಟ್ಟ ಸಂಶೋಧನಾ ರಿಯಾಕ್ಟರು 1960ರಿಂದಲೇ ನಡೆಯುತ್ತಿತ್ತು. ಅದಕ್ಕೆ ಬೇಕಾದ ಭಾರಜಲ ಅಮೆರಿಕದಿಂದ ಬಂದದ್ದು.

ಆ ರಿಯಾಕ್ಟರಿನಿಂದ ದೊರೆತ ಪ್ಲುಟೋನಿಯಮ್ಮನ್ನು ಬಳಸಿಯೇ 1974ರ ಮೇ 18ರಂದು ಪೋಖ್ರಾನಿನಲ್ಲಿ ಭಾರತ ತನ್ನ ಮೊದಲ ಪರಮಾಣು ಸ್ಫೋಟ ನಡೆಸಿತು. ಆಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಇದು ಶಾಂತಿಯುತ ಸ್ಫೋಟ ಎಂದಿತು ಭಾರತ. ಕೊಟ್ಟವರು ಒಪ್ಪಲಿಲ್ಲ. ಕೆನಡಾ ಸಹಕಾರವನ್ನು ಕಡಿದುಕೊಂಡಿತು. ಪರಮಾಣು ಸಾಮಗ್ರಿ ಮಾರುವ ರಾಷ್ಟ್ರಗಳು 1975ರಲ್ಲಿ ಲಂಡನ್ನಿನಲ್ಲಿ ಸೇರಿ ಯಾರಿಗೆ ಏನನ್ನು ಕೊಡಬಾರದೆಂದು ಚರ್ಚಿಸತೊಡಗಿದವು. ಇಂದು ಪರಮಾಣು ಪೂರೈಕೆದಾರರ ಗುಂಪು ಎಂದು ಕರೆಯಲಾಗುವ ಕೂಟ ಹುಟ್ಟಿದ್ದು ಹಾಗೆ. ಭಾರತವನ್ನು ಕಂಡು ಹುಟ್ಟಿದ ಕೂಟ ಅದೆಂದರೆ ಉತ್ಪ್ರೇಕ್ಷೆಯಾಗದು.

1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ ಆಗಲೇ ಇತ್ತು. 1967ರ ಜನವರಿ 1ಕ್ಕೆ ಮೊದಲು ಬಾಂಬು ಸಿಡಿಸಿದವರು ಅಣ್ವಸ್ತ್ರ ರಾಷ್ಟ್ರಗಳು, ಉಳಿದವರು ಎಂದೆಂದಿಗೂ ಅಲ್ಲ ಎಂಬುದು ಅದರ ಲೆಕ್ಕ. 1964ರಲ್ಲಿ ಬಾಂಬು ಸಿಡಿಸಿದ ಚೀನ ಗೆರೆಯ ಒಳಗೆ ಉಳಿಯಿತು, ಭಾರತ ಹೊರಗೆ. ತಾರೀಖು ನೋಡಿ ಹಕ್ಕು ಹಂಚುವ ಈ ಒಪ್ಪಂದಕ್ಕೆ ಭಾರತ ಸಹಿ ಹಾಕಲೇ ಇಲ್ಲ.

ಬಾಂಬಿದ್ದರೆ ಸಾಲದು, ಅದನ್ನು ಹೊತ್ತೊಯ್ಯುವ ವಾಹನವೂ ಬೇಕಷ್ಟೆ. ಆ ಕಡೆಯ ಬಾಗಿಲಿಗೆ ಬೀಗ ಬಿದ್ದದ್ದು 1987ರ ಏಪ್ರಿಲಿನಲ್ಲಿ. ಅಮೆರಿಕ, ಕೆನಡಾ, ಬ್ರಿಟನ್, ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ ಮತ್ತು ಜಪಾನ್ ಎಂಬ ಏಳು ರಾಷ್ಟ್ರಗಳು ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟವನ್ನು ಘೋಷಿಸಿದವು. ಎಂಟಿಸಿಆರ್ ಎಂಬುದು ಅದರ ಪತ್ರಿಕಾ ಹೆಸರು. ಇದು ಒಪ್ಪಂದವೂ ಅಲ್ಲ, ಕಾನೂನೂ ಅಲ್ಲ. ಒಂದೇ ಬೀದಿಯ ಅಂಗಡಿಯವರು ಇಂಥವರಿಗೆ ಇಂಥ ಸಾಮಾನು ಮಾರಬಾರದೆಂದು ತಮ್ಮೊಳಗೆ ಮಾತಾಡಿಕೊಂಡಂತೆ. 500 ಕಿಲೊ ಭಾರವನ್ನು 300 ಕಿಲೊಮೀಟರಿಗಿಂತ ದೂರ ಒಯ್ಯಬಲ್ಲ ರಾಕೆಟ್ಟು, ಅದರ ಹಂತಗಳು, ಅವನ್ನು ಮಾಡುವ ವಿದ್ಯೆ, ಇವನ್ನು ಕೈದಾಟಿಸಬಾರದು. ಮೊದಮೊದಲು ಬಾಂಬು ಮಾಡಲು ಕಲಿತ ದೇಶದ ಅಣ್ವಸ್ತ್ರ ಸುಮಾರು ಅಷ್ಟು ತೂಗುತ್ತದೆ ಎಂಬ ಅಂದಾಜಿನಿಂದ 500 ಕಿಲೊ ಲೆಕ್ಕ ಬಂತು.

ಈ ಅಂಕೆಗಳು ರಾಕೆಟ್ಟಿನ ಶಕ್ತಿಯನ್ನು ಅಳೆಯುತ್ತವೆಯೇ ಹೊರತು ಅದರ ತುದಿಯಲ್ಲಿ ಕುಳಿತಿರುವುದು ಬಾಂಬೋ ಉಪಗ್ರಹವೋ ಎಂದು ಕೇಳುವುದಿಲ್ಲ. ಉಪಗ್ರಹ ಹಾರಿಸಬಲ್ಲ ಯಾವ ರಾಕೆಟ್ಟಾದರೂ ಈ ಗೆರೆಯನ್ನು ಸಲೀಸಾಗಿ ದಾಟಿಬಿಡುತ್ತದೆ.

ಪಾಶ್ಚಾತ್ಯರ ಶಂಕೆ ಬರಿಯ ಭ್ರಮೆಯಾಗಿತ್ತೆಂದು ಹೇಳುವುದು ನ್ಯಾಯವಲ್ಲ. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3 ರಾಕೆಟ್ಟು ಘನ ಇಂಧನದ್ದು. ಆ ಯೋಜನೆಯ ಮುಖ್ಯಸ್ಥರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ 1982ರಲ್ಲಿ ರಕ್ಷಣಾ ಸಂಶೋಧನೆಯ ಕಡೆಗೆ ಬಂದರು, 1983ರಲ್ಲಿ ಕ್ಷಿಪಣಿ ಯೋಜನೆ ಶುರುವಾಯಿತು, 1989ರ ಮೇ 22ರಂದು ಹಾರಿದ ಅಗ್ನಿ ಕ್ಷಿಪಣಿಯ ಮೊದಲ ಹಂತ ಎಸ್‌ಎಲ್‌ವಿ-3ರ ಮೊದಲ ಹಂತದಿಂದಲೇ ಬಂದದ್ದು. ಉಪಗ್ರಹದ ರಾಕೆಟ್ಟು ಕ್ಷಿಪಣಿಯಾಗಬಲ್ಲದು ಎಂಬುದಕ್ಕೆ ಅಮೆರಿಕದ ಅಧಿಕಾರಿಗಳು ಬೇರೆಲ್ಲೂ ಉದಾಹರಣೆ ಹುಡುಕಬೇಕಾಗಿರಲಿಲ್ಲ. ಅಣ್ಣ ಶಾಲೆಗೆ ಹೋಗುತ್ತಾನೆ, ತಮ್ಮ ಗರಡಿಗೆ ಹೋಗುತ್ತಾನೆ, ಇಬ್ಬರೂ ಉಣ್ಣುವುದು ಒಂದೇ ಅಡುಗೆ ಮನೆಯಲ್ಲಿ ಎಂದು ಅವರು ವಾದಿಸಿದರೆ ಅಲ್ಲಗಳೆಯುವುದು ಕಷ್ಟವಿತ್ತು.

ಆದರೆ ಅವರು ಹಿಡಿದ ಎಂಜಿನ್ನು ಯಾವುದು ಎಂಬಲ್ಲಿ ಕಥೆ ಬೇರೆಯಾಗುತ್ತದೆ.

ದೂರದರ್ಶನ, ದೂರವಾಣಿ, ಹವಾಮಾನ ಮುನ್ಸೂಚನೆಗಳಿಗೆ ಬೇಕಾದ ಇನ್ಸಾಟ್ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೊಮೀಟರು ಎತ್ತರದ ಭೂಸ್ಥಿರ ಕಕ್ಷೆಯಲ್ಲಿರಬೇಕು. ಅಲ್ಲಿದ್ದರೆ ಭೂಮಿಯೊಡನೆ ಸಮನಾಗಿ ಸುತ್ತುತ್ತಾ, ನೆಲದಿಂದ ನೋಡಿದವರಿಗೆ ಒಂದೇ ಕಡೆ ನಿಂತಂತೆ ಕಾಣುತ್ತವೆ. ಅವುಗಳ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಹಾಸನದಿಂದ ಆಳುವ ಉಪಗ್ರಹವನ್ನು ಮೇಲೇರಿಸಲು ಮಾತ್ರ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಕ್ಕೆ ಹೊತ್ತೊಯ್ದು, ಯುರೋಪಿನ ಏರಿಯಾನ್ ರಾಕೆಟ್ಟಿಗೆ ಬಾಡಿಗೆ ತೆರಬೇಕಿತ್ತು. ಇಸ್ರೋ ರೂಪಿಸುತ್ತಿದ್ದ ಜಿಎಸ್‌ಎಲ್‌ವಿ ರಾಕೆಟ್ಟು ಈ ಪರಾವಲಂಬನೆಯನ್ನು ಕೊನೆಗಾಣಿಸಬೇಕಿತ್ತು. ಅದರ ಮೇಲಿನ ಹಂತಕ್ಕೆ ಬೇಕಾದದ್ದು ಕ್ರಯೋಜೆನಿಕ್ ಎಂಜಿನ್.

ಜಲಜನಕವನ್ನು ಸೊನ್ನೆಗಿಂತ 253 ಡಿಗ್ರಿ ಕೆಳಗೆ, ಆಮ್ಲಜನಕವನ್ನು 183 ಡಿಗ್ರಿ ಕೆಳಗೆ ತಣಿಸಿದರೆ ಅವು ದ್ರವವಾಗುತ್ತವೆ. ಇವೆರಡನ್ನೂ ಸೇರಿಸಿ ಉರಿಸಿದರೆ ಸಿಗುವ ತಳ್ಳುಬಲ, ಅಷ್ಟೇ ತೂಕದ ಬೇರೆ ಇಂಧನಗಳಿಂದ ಸಿಗುವುದರ ಸುಮಾರು ಒಂದೂವರೆ ಪಟ್ಟು. ಮಾಡುವುದು ಮಾತ್ರ ದುಸ್ತರ. ಒಂದೇ ಎಂಜಿನ್ನಿನ ಒಂದು ಕಡೆ ಲೋಹವನ್ನೇ ಗಾಜಿನಂತೆ ಮುರುಕಲು ಮಾಡುವ ಚಳಿ, ಗೇಣುದ್ದದ ಆಚೆಗೆ 3000 ಡಿಗ್ರಿಯ ಆಸುಪಾಸಿನ ಉರಿ. ನಡುವೆ ನಿಮಿಷಕ್ಕೆ ಸುಮಾರು 40,000 ಸುತ್ತು ತಿರುಗುವ ಪಂಪು. 1990ರ ಹೊತ್ತಿಗೆ ಈ ವಿದ್ಯೆ ಕೈವಶವಾಗಿದ್ದದ್ದು ಅಮೆರಿಕ, ಸೋವಿಯತ್ ಒಕ್ಕೂಟ, ಯುರೋಪು, ಜಪಾನ್ ಮತ್ತು ಚೀನಕ್ಕೆ ಮಾತ್ರ.

ಇಂಥ ಎಂಜಿನ್ನು ಕ್ಷಿಪಣಿಗೆ ಒಗ್ಗುತ್ತದೆಯೆ? ಯುದ್ಧದ ಕ್ಷಿಪಣಿ ನಿಮಿಷಗಳಲ್ಲಿ ಹಾರಬೇಕು, ತಿಂಗಳುಗಟ್ಟಲೆ ಸಿದ್ಧವಾಗಿ ಕಾದಿರಬೇಕು, ಲಾರಿಯ ಮೇಲೆ ಅಲೆದಾಡುತ್ತ ಶತ್ರುವಿನ ಕಣ್ಣಿಗೆ ಮರೆಯಾಗಬೇಕು. ದ್ರವ ಜಲಜನಕವೋ, ತುಂಬಲು ಗಂಟೆಗಳು ಬೇಕು. ತುಂಬಿದ ಮರುಕ್ಷಣದಿಂದಲೇ ಕುದಿದು ಆವಿಯಾಗುತ್ತದೆ. ಪಕ್ಕದಲ್ಲೇ ದೊಡ್ಡ ಶೀತಲೀಕರಣ ಸ್ಥಾವರ ಇರಬೇಕು. ಅದನ್ನು ಹೊತ್ತು ಟಾಟ್ರಾ ಲಾರಿ ಎಲ್ಲಿಗೆ ತಾನೆ ಹೋದೀತು? ಇದನ್ನು ಕ್ಷಿಪಣಿಯಾಗಿ ಸೈನ್ಯದಲ್ಲಿ ಇಟ್ಟುಕೊಂಡ ದೇಶ ಜಗತ್ತಿನಲ್ಲಿ ಒಂದೂ ಇಲ್ಲ.

ಇಸ್ರೋಗೆ ಅಮೆರಿಕದ ಜನರಲ್ ಡೈನಮಿಕ್ಸ್ ಮತ್ತು ಯುರೋಪಿನ ಏರಿಯಾನ್‌ಸ್ಪೇಸ್ ಕಂಪನಿಗಳಿಂದಲೂ ಕೊಡುಗೆಗಳು ಬಂದಿದ್ದವು. ಬೆಲೆ ದುಬಾರಿ. ಕೊನೆಗೆ 1991ರ ಜನವರಿಯಲ್ಲಿ ಸೋವಿಯತ್ ಸಂಸ್ಥೆ ಗ್ಲಾವ್‌ಕಾಸ್ಮೋಸ್ ಜೊತೆ ಒಪ್ಪಂದವಾಯಿತು. ಎಂಜಿನ್ನುಗಳ ಜೊತೆಗೆ ಅವನ್ನು ಮಾಡುವ ತಂತ್ರಜ್ಞಾನವೂ ಸೇರಿ ಸುಮಾರು 235 ಕೋಟಿ ರೂಪಾಯಿ. ಆಗ ಇಸ್ರೋ ಅಧ್ಯಕ್ಷರು ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್. ಎಂಜಿನ್ನು ಮೂಲತಃ ಸೋವಿಯತ್ತರ ಚಂದ್ರಯಾನದ ಕನಸಿಗೆಂದು ತಯಾರಾಗಿ, ಆ ಕನಸು ಬಿದ್ದುಹೋದ ಮೇಲೆ ಮೂಲೆ ಸೇರಿದ್ದಂಥದು.

ಕಾಲ ಕೂಡಿಬರಲಿಲ್ಲ. ಒಪ್ಪಂದಕ್ಕೆ ಎರಡೇ ತಿಂಗಳ ಹಿಂದೆ, 1990ರ ನವೆಂಬರಿನಲ್ಲಿ, ಕ್ಷಿಪಣಿ ತಂತ್ರಜ್ಞಾನ ಮಾರುವವರನ್ನೂ ಕೊಳ್ಳುವವರನ್ನೂ ದಂಡಿಸುವ ಕಾನೂನನ್ನು ಅಮೆರಿಕ ಮಾಡಿಕೊಂಡಿತ್ತು. ಬೀದಿಯ ಅಂಗಡಿಯವರ ಮಾತುಕತೆಗೆ ಈಗ ದೊಣ್ಣೆ ಸಿಕ್ಕಿತು. 1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಒಡೆಯಿತು. 1992ರ ಮೇ ತಿಂಗಳಲ್ಲಿ ಅಮೆರಿಕ ಇಸ್ರೋ ಮತ್ತು ಗ್ಲಾವ್‌ಕಾಸ್ಮೋಸ್ ಎರಡರ ಮೇಲೂ ಎರಡು ವರ್ಷಗಳ ನಿರ್ಬಂಧ ಹೇರಿತು. ಅದೇ ವರ್ಷ, ರಷ್ಯಕ್ಕೆ ಕೊಡುವ ನೆರವನ್ನು ಈ ಮಾರಾಟದೊಡನೆ ಗಂಟು ಹಾಕುವ ತಿದ್ದುಪಡಿಯನ್ನು ಸೆನೆಟ್ಟಿನಲ್ಲಿ ತಂದವರು ಮುಂದೆ ಅಧ್ಯಕ್ಷರಾದ ಜೋ ಬೈಡನ್. ಕ್ರಯೋಜೆನಿಕ್ ಹಂತವೆಂದರೆ ರಾಕೆಟ್ಟಿನ ಒಂದು ಪೂರ್ಣ ಹಂತ, ಕೂಟದ ಪಟ್ಟಿಯ ಮೊದಲ ವರ್ಗಕ್ಕೇ ಸೇರಿದ್ದು, ಎಂಬುದು ಅಮೆರಿಕದ ವಾದ. ಅಕ್ಷರಕ್ಕೆ ಅದು ಸರಿ. ಪಟ್ಟಿಯಲ್ಲಿ ಹಾಗೆಯೇ ಬರೆದಿತ್ತು. ಆದರೆ ತನ್ನದೇ ಕಂಪನಿ ಅದೇ ಬಗೆಯ ಎಂಜಿನ್ನನ್ನು ಮಾರಲು ಬಂದಿದ್ದಾಗ ಇಲ್ಲದ ಭಯ ರಷ್ಯ ಮಾರಲು ಹೊರಟಾಗ ಎಲ್ಲಿಂದ ಬಂತು ಎಂದು ಭಾರತದವರು ಕೇಳಿದ್ದರಲ್ಲೂ ತಪ್ಪಿರಲಿಲ್ಲ. ಉಪಗ್ರಹ ಹಾರಿಸುವುದು ಕೋಟಿಗಟ್ಟಲೆ ಡಾಲರಿನ ವ್ಯಾಪಾರ. ಆ ಸಂತೆಗೆ ಅಗ್ಗದ ಬೆಲೆಯ ಹೊಸಬನೊಬ್ಬ ಬರುವುದು ಯಾರಿಗೆ ಬೇಕಿತ್ತು?

ರಷ್ಯದ ಅಧ್ಯಕ್ಷ ಯೆಲ್ಟ್ಸಿನ್ 1993ರ ಜನವರಿಯಲ್ಲಿ ದೆಹಲಿಗೆ ಬಂದು, ಕೊಟ್ಟ ಮಾತಿಗೆ ತಪ್ಪುವುದಿಲ್ಲ ಎಂದು ಭರವಸೆಯಿತ್ತರು. ಆರು ತಿಂಗಳಿಗೆ, ಜುಲೈನಲ್ಲಿ, ತಮ್ಮ ಕೈಮೀರಿದ ಕಾರಣಗಳೆಂದು ಹೇಳಿ ರಷ್ಯ ಹಿಂದೆ ಸರಿಯಿತು. ಕಾಸಿಗಾಗಿ ಕಂಗಾಲಾಗಿದ್ದ ಅದಕ್ಕೆ ಅಮೆರಿಕ ವಾಣಿಜ್ಯ ಉಡಾವಣೆಗಳಲ್ಲಿ ಒಂದಿಷ್ಟು ಪಾಲನ್ನೂ ಬಾಹ್ಯಾಕಾಶ ನಿಲ್ದಾಣದಲ್ಲಿ ಪಾಲುದಾರಿಕೆಯನ್ನೂ ಮುಂದಿಟ್ಟಿತ್ತು. ಒಪ್ಪಂದವನ್ನು ತಿದ್ದಲಾಯಿತು. ಎಂಜಿನ್ನು ಕೊಡುತ್ತೇವೆ, ಮಾಡುವ ವಿದ್ಯೆ ಕೊಡುವುದಿಲ್ಲ. ಕೊನೆಗೆ ಭಾರತಕ್ಕೆ ಬಂದದ್ದು ಏಳು ಎಂಜಿನ್ನುಗಳು. 1995ರಲ್ಲಿ ರಷ್ಯ ತಾನೇ ಕೂಟದ ಸದಸ್ಯನಾಯಿತು.

ಇಲ್ಲಿ ಹಿಂದಿನ ಒಂದು ಸಂಗತಿಯನ್ನು ನೆನೆಯಬೇಕು. 1974ರಲ್ಲಿ ಫ್ರಾನ್ಸಿನೊಡನೆ ಮಾಡಿಕೊಂಡ ಒಪ್ಪಂದದಂತೆ ಇಸ್ರೋ ಎಂಜಿನಿಯರುಗಳು ಅಲ್ಲಿಗೆ ಹೋಗಿ, ವೈಕಿಂಗ್ ಎಂಬ ದ್ರವ ಇಂಧನದ ಎಂಜಿನ್ನಿನ ಕೆಲಸದಲ್ಲಿ ದುಡಿದು, ದುಡಿಮೆಗೆ ಬದಲಾಗಿ ಅದರ ವಿದ್ಯೆಯನ್ನು ಪಡೆದು ಬಂದಿದ್ದರು. ಅದೇ ವಿಕಾಸ್ ಎಂಜಿನ್ನಾಗಿ ಪಿಎಸ್‌ಎಲ್‌ವಿಯಲ್ಲೂ ಜಿಎಸ್‌ಎಲ್‌ವಿಯಲ್ಲೂ ಉರಿಯುತ್ತಿದೆ. ಕ್ರಯೋಜೆನಿಕ್ಕಿಗಿಂತ ಕ್ಷಿಪಣಿಗೆ ಎಷ್ಟೋ ಹತ್ತಿರವಾದ ತಂತ್ರಜ್ಞಾನವದು. 1987ಕ್ಕೆ ಮೊದಲು ಅದು ಸದ್ದಿಲ್ಲದೆ ಬಂತು. ನಂತರ ಬರಬೇಕಾದದ್ದು ಬರಲಿಲ್ಲ.

ವಿದ್ಯೆ ಬಾರದಿದ್ದಾಗ ಇಸ್ರೋ 1994ರಲ್ಲಿ ಸ್ವಂತ ಕ್ರಯೋಜೆನಿಕ್ ಯೋಜನೆಯನ್ನು ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಆದೀತೆಂದುಕೊಂಡ ಕೆಲಸ ಇಪ್ಪತ್ತು ವರ್ಷ ಹಿಡಿಯಿತು. ರಷ್ಯದ ಎಂಜಿನ್ನು ಹೊತ್ತ ಮೊದಲ ಜಿಎಸ್‌ಎಲ್‌ವಿ ಹಾರಿದ್ದೇ 2001ರ ಏಪ್ರಿಲ್ 18ರಂದು. 2004ರಲ್ಲಿ ಅಂಥದೇ ರಾಕೆಟ್ಟು ಎಜುಸಾಟ್ ಎಂಬ ಶೈಕ್ಷಣಿಕ ಉಪಗ್ರಹವನ್ನು ಮೇಲೇರಿಸಿತು. ಚಾಮರಾಜನಗರ ಜಿಲ್ಲೆಯ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬಂದದ್ದು ಅದರ ಮೂಲಕ. ಕ್ಷಿಪಣಿಯ ಭೀತಿಯಿಂದ ತಡೆಹಿಡಿದ ವಿದ್ಯೆ ಯಾವ ಕೆಲಸಕ್ಕೆ ಬೇಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದೇಶೀಯ ಎಂಜಿನ್ನಿನ ಪರೀಕ್ಷಾ ಹಾರಾಟ 2010ರ ಏಪ್ರಿಲ್ 15ರಂದು ನಡೆಯಿತು. ಇಂಧನದ ಪಂಪು ಕೈಕೊಟ್ಟು ರಾಕೆಟ್ಟು ಸಮುದ್ರಕ್ಕೆ ಬಿತ್ತು. ಅದೇ ವರ್ಷದ ಡಿಸೆಂಬರ್ 25ರಂದು ರಷ್ಯದ ಎಂಜಿನ್ನಿದ್ದ ಇನ್ನೊಂದು ಜಿಎಸ್‌ಎಲ್‌ವಿ ಹಾರಿದ ನಿಮಿಷದೊಳಗೆ ಆಕಾಶದಲ್ಲೇ ಛಿದ್ರವಾಯಿತು. 2013ರ ಆಗಸ್ಟಿನಲ್ಲಿ ಇಂಧನ ಸೋರಿಕೆ ಕಂಡು ಉಡಾವಣೆಯನ್ನೇ ನಿಲ್ಲಿಸಬೇಕಾಯಿತು. 2014ರ ಜನವರಿ 5ರಂದು ಕೊನೆಗೂ ದೇಶೀಯ ಕ್ರಯೋಜೆನಿಕ್ ಎಂಜಿನ್ನು ಜಿಸ್ಯಾಟ್-14 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 2023ರಲ್ಲಿ ಚಂದ್ರಯಾನ-3ನ್ನು ಒಯ್ದ ರಾಕೆಟ್ಟಿನ ತುದಿಯಲ್ಲಿದ್ದದ್ದು ಇದಕ್ಕಿಂತ ದೊಡ್ಡದಾದ, ಇಲ್ಲೇ ರೂಪಿಸಿದ ಮತ್ತೊಂದು ಕ್ರಯೋಜೆನಿಕ್ ಎಂಜಿನ್ನು. ತಡೆದದ್ದರಿಂದಲೇ ಸ್ವಾವಲಂಬಿಗಳಾದೆವು ಎಂದು ಹೆಮ್ಮೆ ಪಡುವ ಮಾತು ಆಗಾಗ ಕೇಳಿಬರುತ್ತದೆ. ಹೆಮ್ಮೆ ಸರಿಯೇ. ಆದರೆ ಕಳೆದ ವರ್ಷಗಳಿಗೆ ತೆತ್ತ ಬೆಲೆಯನ್ನು ಮರೆಯಬಾರದು. 2024ರ ನವೆಂಬರಿನಲ್ಲೂ 4,700 ಕಿಲೊ ತೂಕದ ಜಿಸ್ಯಾಟ್-ಎನ್2 ಉಪಗ್ರಹವನ್ನು ಅಮೆರಿಕದ ಖಾಸಗಿ ಕಂಪನಿಯ ರಾಕೆಟ್ಟೇ ಒಯ್ಯಬೇಕಾಯಿತು.

ಇಷ್ಟೆಲ್ಲ ನಡೆಯುತ್ತಿದ್ದಾಗ ಕ್ಷಿಪಣಿಗಳ ಕಡೆ ಏನಾಗುತ್ತಿತ್ತು? 1994ರ ಪರೀಕ್ಷೆಯ ನಂತರ ಐದು ವರ್ಷ ಅಗ್ನಿ ಹಾರಲಿಲ್ಲ. ಅದರ ಹಿಂದೆ ಅಮೆರಿಕದ ಒತ್ತಡವಿತ್ತೆಂದು ಅನೇಕರು ಬರೆದಿದ್ದಾರೆ. 1999ರ ಏಪ್ರಿಲಿನಲ್ಲಿ ಅಗ್ನಿ-2 ಹಾರಿತು. 2012ರ ಏಪ್ರಿಲಿನಲ್ಲಿ, ಎಂದರೆ ದೇಶೀಯ ಕ್ರಯೋಜೆನಿಕ್ ಎಂಜಿನ್ನು ಯಶಸ್ಸು ಕಾಣುವ ಮೊದಲೇ, ಐದು ಸಾವಿರ ಕಿಲೊಮೀಟರು ಸಾಗಬಲ್ಲ ಅಗ್ನಿ-5 ಹಾರಿತು. ಎರಡೂ ಘನ ಇಂಧನದವು. ಒಂದು ತೊಟ್ಟು ದ್ರವ ಜಲಜನಕವೂ ಅವಕ್ಕೆ ಬೇಕಾಗಲಿಲ್ಲ. ಬೀಗ ಕ್ಷಿಪಣಿಗೆಂದು ಜಡಿದದ್ದು, ಹೊರಗೆ ಉಳಿದದ್ದು ಉಪಗ್ರಹ.

ಹಾಗೆಂದು ನಿಯಂತ್ರಣ ಕೂಟದಿಂದ ಏನೂ ಆಗಲಿಲ್ಲವೆಂದಲ್ಲ. 1998ರಲ್ಲಿ ಭಾರತ ಮತ್ತು ರಷ್ಯ ಜೊತೆಯಾಗಿ ಬ್ರಹ್ಮೋಸ್ ಕ್ಷಿಪಣಿಗೆ ಕೈ ಹಾಕಿದಾಗ ಅದರ ವ್ಯಾಪ್ತಿಯನ್ನು 290 ಕಿಲೊಮೀಟರು ಎಂದು ನಿಗದಿಪಡಿಸಲಾಯಿತು. ಈ ವಿಚಿತ್ರ ಸಂಖ್ಯೆಯ ಗುಟ್ಟು ಈಗ ಓದುಗರಿಗೆ ಹೊಳೆದಿರಬೇಕು. ರಷ್ಯ ಕೂಟದ ಸದಸ್ಯ, ಗೆರೆ 300ರಲ್ಲಿದೆ.

ಅದೇ 1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಮತ್ತೆ ಸ್ಫೋಟಗಳಾದವು. ಈ ಸಲ ಶಾಂತಿಯ ಹೆಸರಿರಲಿಲ್ಲ. ಅಮೆರಿಕ, ಜಪಾನ್ ಮೊದಲಾದ ದೇಶಗಳು ನಿರ್ಬಂಧ ಹೇರಿದವು. ಭದ್ರತಾ ಮಂಡಳಿ ಜೂನ್ 6ರಂದು ಖಂಡನಾ ನಿರ್ಣಯ ಅಂಗೀಕರಿಸಿತು. ನವೆಂಬರಿನಲ್ಲಿ ಅಮೆರಿಕ ಪ್ರಕಟಿಸಿದ ಪಟ್ಟಿಯಲ್ಲಿ ಭಾರತದ ನೂರಾರು ಸಂಸ್ಥೆಗಳಿದ್ದವು. ಬೆಂಗಳೂರಿನ ಮಟ್ಟಿಗೆ ಅದು ಊರಿನ ನಕ್ಷೆಯಂತೆಯೇ ಇತ್ತು: ಇಸ್ರೋ, ಭಾರತ್ ಎಲೆಕ್ಟ್ರಾನಿಕ್ಸ್, ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು. ಹಗುರ ಯುದ್ಧ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ಎಂಜಿನಿಯರುಗಳು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಉಳಿದ ಕೆಲಸ ಬೆಂಗಳೂರಿನಲ್ಲೇ ಮುಗಿದು, ಮುಂದೆ ತೇಜಸ್ ಎಂಬ ಹೆಸರು ಪಡೆದ ಆ ವಿಮಾನ 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿ ಮೇಲೇರಿತು.

ನಂತರ ಗಾಳಿ ತಿರುಗಿದ್ದು ವಿಜ್ಞಾನದ ಕಾರಣಕ್ಕಲ್ಲ, ರಾಜಕೀಯದ ಕಾರಣಕ್ಕೆ. ಚೀನ ಬೆಳೆಯುತ್ತಿತ್ತು, ಅಮೆರಿಕಕ್ಕೆ ಭಾರತ ಬೇಕಾಗಿತ್ತು. 2008ರ ಸೆಪ್ಟೆಂಬರಿನಲ್ಲಿ ಪರಮಾಣು ಪೂರೈಕೆದಾರರ ಗುಂಪು ಭಾರತಕ್ಕೆ ವಿನಾಯಿತಿ ಕೊಟ್ಟಿತು. 2011ರ ಜನವರಿಯಲ್ಲಿ ಅಮೆರಿಕ ಇಸ್ರೋದ ಅಂಗಸಂಸ್ಥೆಗಳನ್ನು ತನ್ನ ಪಟ್ಟಿಯಿಂದ ತೆಗೆಯಿತು. 2016ರ ಜೂನ್ 27ರಂದು ಭಾರತ ಎಂಟಿಸಿಆರ್ ಸದಸ್ಯನಾಯಿತು. ಬ್ರಹ್ಮೋಸ್ ವ್ಯಾಪ್ತಿಯನ್ನು 290ರಾಚೆಗೆ ಹಿಗ್ಗಿಸುವ ಕೆಲಸ ಆ ಬಳಿಕ ಶುರುವಾಯಿತು. ಪೂರೈಕೆದಾರರ ಗುಂಪಿನ ಸದಸ್ಯತ್ವ ಮಾತ್ರ ಅದೇ ತಿಂಗಳು ಸೋಲ್‌ನಲ್ಲಿ ಚೀನದ ಆಕ್ಷೇಪದಿಂದ ತಪ್ಪಿಹೋಯಿತು.

ಒಳಗೆ ಬಂದವರು ನಿಯಮವನ್ನೂ ಪಾಲಿಸಬೇಕು, ಪಾಲಿಸುವಂತೆಯೂ ಮಾಡಬೇಕು. ಸಮೂಹನಾಶಕ ಅಸ್ತ್ರಗಳಿಗೆ ಮತ್ತು ಅವುಗಳ ವಾಹನಗಳಿಗೆ ಸಂಬಂಧಿಸಿದ ಕಾನೂನನ್ನು ಭಾರತ 2005ರಲ್ಲೇ ಮಾಡಿಕೊಂಡಿತ್ತು. ವಿಶೇಷ ರಾಸಾಯನಿಕ, ಸಾಮಗ್ರಿ, ಉಪಕರಣ, ತಂತ್ರಜ್ಞಾನಗಳ ರಫ್ತಿಗೆ ಸ್ಕೋಮೆಟ್ ಎಂಬ ಪಟ್ಟಿ ಇದೆ. ಪೀಣ್ಯದಲ್ಲೋ ಮಾಲೂರಿನ ಕೈಗಾರಿಕಾ ಪ್ರದೇಶದಲ್ಲೋ ಲೇತ್ ಯಂತ್ರದ ಮುಂದೆ ನಿಂತು ಕವಾಟವನ್ನೋ ಮಿಶ್ರಲೋಹದ ಬಿಡಿಭಾಗವನ್ನೋ ತಯಾರಿಸುವವರು ಅದನ್ನು ಹೊರದೇಶಕ್ಕೆ ಕಳಿಸುವ ಮುನ್ನ ಆ ಪಟ್ಟಿಯಲ್ಲಿ ತಮ್ಮ ಸಾಮಾನಿದೆಯೇ ಎಂದು ನೋಡಬೇಕು. ಇದ್ದರೆ ದೆಹಲಿಯ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಬೇಕು. ಕೊಳ್ಳುವವರು ಯಾರು, ಯಾವ ಕೆಲಸಕ್ಕೆ, ಕೊನೆಗೆ ಅದು ಯಾರ ಕೈ ಸೇರುತ್ತದೆ ಎಂದು ಅರ್ಜಿಯಲ್ಲಿ ಬರೆಯಬೇಕು. 1992ರಲ್ಲಿ ವಾಷಿಂಗ್ಟನ್ ಬೆಂಗಳೂರನ್ನು ಕುರಿತು ಕೇಳಿದ್ದು ಈ ಪ್ರಶ್ನೆಗಳನ್ನೇ.